ಕುಣಿತ ಯಾರದು, ಕಸರತ್ತು ಯಾರದು?

ನವಲಗುಂದದ ಎರಿ ಹೊಲದಾಗ ಹತ್ತಿ ಬಿಡಿಸುವ ಹೆಣ್ಣುಮಗಳನ್ನು ನಿಲ್ಲಿಸಿ, "ಅಕ್ಕಾ, ದಿನಾ ಕಸರತ್ತು ಮಾಡ್ತೀಯೇನು?" ಅಂತ ಕೇಳಿ ನೋಡಿ. ಆಕೆ ನಗುತ್ತಾಳೆ, ಇಲ್ಲಾ ಬೈಯುತ್ತಾಳೆ. ಎರಡೂ ಸರಿಯೇ. ಬೆಳಗಿನಿಂದ ಸಂಜೀತನಕ ನಡಾ ಬಗ್ಗಿಸಿ ದುಡಿದವಳಿಗೆ ಕಸರತ್ತು ಅನ್ನುವ ಶಬ್ದವೇ ಹೊಟ್ಟೆ ತುಂಬಿದವರ ಶಬ್ದ. ಅದೇ ಹೊತ್ತಿನಲ್ಲಿ ಪೇಟೆಯ ಜಿಮ್ಮುಗಳಲ್ಲಿ ತಿಂಗಳ ಫೀ ತುಂಬಿ, ಹಾಡು ಹಚ್ಚಿ, ನಡಾ ತಿರುಗಿಸುವುದನ್ನು ಕಲಿಸಿಕೊಡುತ್ತಾರೆ. ಬೆಲ್ಲಿ ಡಾನ್ಸು, ಹುಲಾ, ಜುಂಬಾ ಅಂತ ಅದಕ್ಕೆ ಹೆಸರು. ಬೊಜ್ಜು ಕರಗುತ್ತದೆ, ಬೆನ್ನು ನೆಟ್ಟಗಾಗುತ್ತದೆ, ಮನಸ್ಸು ಹಗುರಾಗುತ್ತದೆ ಅನ್ನುತ್ತಾರೆ. ಇರಬಹುದು. ಕುಣಿದರೆ ಮೈಗೆ ಒಳ್ಳೇದು ಅನ್ನುವುದನ್ನು ನಮ್ಮ ಕೇರಿಗೆ ಯಾರೂ ಹೊಸದಾಗಿ ಹೇಳಬೇಕಾಗಿಲ್ಲ.

ನಮ್ಮ ಪ್ರಶ್ನೆ ಬೇರೆ. ಇವತ್ತು ಆರೋಗ್ಯ ಅನ್ನಿಸಿಕೊಂಡ ಈ ಕುಣಿತಗಳೇ ನಿನ್ನೆ ಅಸಹ್ಯ ಅನ್ನಿಸಿಕೊಂಡಿದ್ದವು. ಇವನ್ನು ಕುಣಿದವರನ್ನು ಊರು ಬಿಡಿಸಿದರು, ದಂಡ ಹಾಕಿದರು, ಸೂಳೆಯರು ಅಂದರು. ಅದೇ ನಡ, ಅದೇ ಹೆಜ್ಜೆ, ಅದೇ ಬೆವರು. ಹಾಗಾದರೆ ಬದಲಾದದ್ದೇನು? ಮೈ ಬದಲಾಯಿತು. ಯಾರ ಮೈ ಕುಣಿಯುತ್ತದೆ ಅನ್ನುವುದರ ಮೇಲೆ ಕುಣಿತದ ಮರ್ಯಾದೆ ನಿಂತಿದೆ. ಈ ಮಾತು ಅಮೆರಿಕಕ್ಕೆ ಎಷ್ಟು ನಿಜವೋ ಅಣ್ಣಿಗೇರಿಗೂ ಅಷ್ಟೇ ನಿಜ.

1

ಮೊದಲು ಹವಾಯಿಯ ಮಾತು. ಶಾಂತಸಾಗರದ ನಡುವಿನ ಆ ದ್ವೀಪಗಳ ಮೂಲನಿವಾಸಿಗಳಿಗೆ 19ನೆಯ ಶತಮಾನದ ಆರಂಭದವರೆಗೆ ಲಿಪಿ ಇರಲಿಲ್ಲ. ವಂಶದ ಕಥೆ, ದೇವರ ಕಥೆ, ಗಾಳಿ ಮಳೆಗಳ ಹೆಸರು ಎಲ್ಲವನ್ನೂ ಅವರು ಬಾಯಲ್ಲಿ ಇಟ್ಟುಕೊಂಡಿದ್ದರು, ಮೈಯಲ್ಲಿ ಇಟ್ಟುಕೊಂಡಿದ್ದರು. ಹಾಡಿನ ಒಂದೊಂದು ಮಾತಿಗೂ ಕೈ ಸನ್ನೆ, ಕಾಲ ಹೆಜ್ಜೆ, ನಡುವಿನ ತೂಗು. ಅದೇ ಹುಲಾ. ಅಂದರೆ ಹುಲಾ ಅವರಿಗೆ ಬರಿಯ ಕುಣಿತವಲ್ಲ, ಪುಸ್ತಕ.

1820ರಲ್ಲಿ ಅಮೆರಿಕದಿಂದ ಕ್ರೈಸ್ತ ಪಾದ್ರಿಗಳು ಬಂದರು. ಅವರ ಕಣ್ಣಿಗೆ ಈ ಪುಸ್ತಕ ಕಾಣಲಿಲ್ಲ, ಬರೀ ನಡ ಕಂಡಿತು. ಹೊಸ ಧರ್ಮಕ್ಕೆ ಸೇರಿದ ರಾಣಿ ಕಾಅಹುಮಾನು 1830ರಲ್ಲಿ ಬಹಿರಂಗ ಹುಲಾವನ್ನು ನಿಷೇಧಿಸಿದಳು. ಮುಂದೆ ನಿಷೇಧ ಸಡಿಲಾದಾಗ ಲೈಸೆನ್ಸು ಬಂತು, ಫೀ ಬಂತು. ಜನ ಹಳ್ಳಿಗಳಲ್ಲಿ ಕದ್ದು ಕಲಿತರು, ಕದ್ದು ಕಲಿಸಿದರು. ರಾಜ ಕಲಾಕೌವಾ 1883ರಲ್ಲಿ ತನ್ನ ಪಟ್ಟಾಭಿಷೇಕದ ಉತ್ಸವಕ್ಕೆ ಹುಲಾದವರನ್ನು ಬಹಿರಂಗವಾಗಿ ಕರೆಸಿ ಕುಣಿಸಿದ. ಆಗ ಏನಾಯಿತು ಗೊತ್ತೇ? ಕಾರ್ಯಕ್ರಮದ ಪಟ್ಟಿಯನ್ನು ಅಚ್ಚು ಹಾಕಿದವನ ಮೇಲೆ ಅಶ್ಲೀಲತೆಯ ಮೊಕದ್ದಮೆ ಹೂಡಿದರು! ಹತ್ತು ವರ್ಷ ಕಳೆಯುವುದರೊಳಗೆ, 1893ರ ಜನವರಿಯಲ್ಲಿ, ಅಮೆರಿಕದ ನೌಕಾಸೈನಿಕರ ನೆರಳಿನಲ್ಲಿ ಬಿಳಿಯ ವ್ಯಾಪಾರಿಗಳು, ಸಕ್ಕರೆ ತೋಟದ ಹಿತಾಸಕ್ತಿಗಳು ಕೂಡಿ ರಾಣಿ ಲಿಲಿಉಓಕಲಾನಿಯನ್ನು ಗದ್ದುಗೆಯಿಂದ ಇಳಿಸಿದರು. 1898ರಲ್ಲಿ ದ್ವೀಪಗಳು ಅಮೆರಿಕದ ಪಾಲಾದವು. ಮಣ್ಣು ಹೋಯಿತು. ಮಣ್ಣು ಹೋದ ಮೇಲೆ ಕುಣಿತವನ್ನು ಪ್ರವಾಸಿಗರಿಗೆ ಮಾರಲಿಕ್ಕೆ ಯಾರ ಅಡ್ಡಿಯೂ ಉಳಿಯಲಿಲ್ಲ. 1958ರಲ್ಲಿ ಅಮೆರಿಕದ ಒಂದು ಕಂಪನಿ ನಡುವಿಗೆ ಹಾಕಿ ತಿರುಗಿಸುವ ಪ್ಲಾಸ್ಟಿಕ್ ಬಳೆಯನ್ನು ಹುಲಾ ಹೂಪ್ ಅಂತ ಹೆಸರಿಟ್ಟು ಕೋಟಿಗಟ್ಟಲೆ ಮಾರಿತು. ಹಾಡು ಬಿಟ್ಟರು, ಕಥೆ ಬಿಟ್ಟರು, ಜನರನ್ನು ಬಿಟ್ಟರು, ಹೆಸರು ಮತ್ತು ನಡ ಇಟ್ಟುಕೊಂಡರು.

ಈಜಿಪ್ಟಿನ ಕಥೆಯೂ ಇದೇ ದಾರಿಯದು. ನಾವು ಬೆಲ್ಲಿ ಡಾನ್ಸ್ ಅನ್ನುವ ಕುಣಿತಕ್ಕೆ ಅಲ್ಲಿಯ ಜನ ಹಾಗೆ ಅನ್ನುವುದಿಲ್ಲ. ಮನೆಯ ಮದುವೆ, ಮುಂಜಿಗಳಲ್ಲಿ ಹೆಂಗಸರು ಹೆಂಗಸರ ನಡುವೆ ಕುಣಿಯುವುದನ್ನು 'ರಕ್ಸ್ ಬಲದಿ' ಅನ್ನುತ್ತಾರೆ. 'ಬಲದಿ' ಅಂದರೆ ನಮ್ಮೂರಿನದು, ನಮ್ಮ ನಾಡಿನದು ಅಂತ. ಬೀದಿಯಲ್ಲಿ ಕುಣಿದು ಹೊಟ್ಟೆ ಹೊರೆಯುವ ಗವಾಜಿ ಎಂಬ ಹೆಣ್ಣುಮಕ್ಕಳ ಜಾತಿಯೇ ಇತ್ತು. ಸರಕಾರ ಅವರಿಂದ ತೆರಿಗೆ ಎತ್ತುತ್ತಿತ್ತು. 1834ರಲ್ಲಿ ಮುಹಮ್ಮದ್ ಅಲಿ ಪಾಷಾ ಅವರನ್ನು ಕೈರೋದಿಂದಲೇ ಹೊರಗೆ ಹಾಕಿ ದಕ್ಷಿಣದ ಎಸ್ನಾ, ಕೆನಾ, ಅಸ್ವಾನ್ ಕಡೆಗೆ ಅಟ್ಟಿದ. ದುಡ್ಡಿದ್ದ ಯುರೋಪಿನ ಪ್ರವಾಸಿಗಳು ಅಲ್ಲಿಗೂ ಹುಡುಕಿಕೊಂಡು ಹೋದರು. ಹೋಗಿ ನೋಡಿ ಬಂದು ಅವರ ಬಗ್ಗೆಯೇ ಹೊಲಸು ಬರೆದರು. ನೋಡುವವನ ನಾಲಿಗೆಗೆ ದಂಡ ಇಲ್ಲ, ಕುಣಿಯುವವಳ ಕಾಲಿಗೆ ದಂಡ.

2

ಗೆಳೆಯರೇ, 1893 ಅನ್ನುವ ವರ್ಷವನ್ನು ನೆನಪಿಟ್ಟುಕೊಳ್ಳಿ. ನಮ್ಮ ಶಾಲೆಯ ಪುಸ್ತಕಗಳಲ್ಲಿ ಆ ವರ್ಷಕ್ಕೆ ಒಂದೇ ಅರ್ಥ. ವಿವೇಕಾನಂದರು ಚಿಕಾಗೋದಲ್ಲಿ ಮಾತಾಡಿದರು ಅಂತ. ಅದು ನಿಜ. ಆದರೆ ಆ ಧರ್ಮ ಸಮ್ಮೇಳನ ನಡೆದದ್ದು ಒಂದು ದೊಡ್ಡ ಜಾಗತಿಕ ಪ್ರದರ್ಶನದ ಅಂಗವಾಗಿ. ಅದೇ ಪ್ರದರ್ಶನದ ಮೋಜಿನ ಬೀದಿಯಲ್ಲಿ 'ಕೈರೋ ಬೀದಿ' ಅಂತ ಒಂದನ್ನು ಕಟ್ಟಿ ಈಜಿಪ್ಟಿನ ಕುಣಿತವನ್ನು ಟಿಕೆಟ್ಟಿಟ್ಟು ತೋರಿಸಿದರು. ಹವಾಯಿಯ ಹುಲಾದವರೂ ಅದೇ ಬೀದಿಗೆ ಬಂದಿದ್ದರು, ತಮ್ಮ ನಾಡಿನ ರಾಣಿ ಗದ್ದುಗೆ ಕಳಕೊಂಡ ಅದೇ ವರ್ಷ. ಬೆಲ್ಲಿ ಡಾನ್ಸ್ ಎಂಬ ಹೆಸರು ಅಮೆರಿಕದಲ್ಲಿ ಮನೆಮಾತಾದದ್ದು ಈ ಪ್ರದರ್ಶನದಿಂದ. ಒಂದು ಕಡೆ ಛೀ ಅಂದರು, ಇನ್ನೊಂದು ಕಡೆ ಟಿಕೆಟ್ಟಿಗೆ ಸಾಲು ನಿಂತರು.

ಅದೇ 1893ರಲ್ಲಿ ನಮ್ಮ ಮದ್ರಾಸಿನಲ್ಲಿ ಸಮಾಜ ಸುಧಾರಕರು ವೈಸರಾಯರಿಗೂ ಗವರ್ನರರಿಗೂ ಒಂದು ಮನವಿ ಬರೆದರು. ನಾಚ್ ನಡೆಯುವ ಔತಣಕೂಟಗಳಿಗೆ ತಾವು ಹೋಗಬಾರದು, ಕುಣಿಯುವ ಹೆಂಗಸರೆಲ್ಲ ಕೆಟ್ಟವರು ಅಂತ ಅದರ ಸಾರ. ಕುಣಿಯುವ ಹೆಣ್ಣನ್ನು ದೇವರ ಹೆಸರಿನಲ್ಲಿ ಬಿಟ್ಟವರು ಯಾರು, ಆಕೆಯ ಜಾತಿ ಯಾವುದು, ಆಕೆಯ ಹೊಲ ಯಾರ ಕೈಯಲ್ಲಿದೆ ಅನ್ನುವ ಪ್ರಶ್ನೆಗಳು ಆ ಮನವಿಯಲ್ಲಿ ಇರಲಿಲ್ಲ. ಚಿಕಾಗೋದಲ್ಲಿ, ಹೊನೊಲುಲುದಲ್ಲಿ, ಮದ್ರಾಸಿನಲ್ಲಿ ಹೀಗೆ ಒಂದೇ ವರ್ಷ ಒಂದೇ ತೀರ್ಪು. ದುಡಿಯುವ ಹೆಣ್ಣಿನ ಮೈ ಹೊಲಸು.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ. 1930ರ ದಶಕದಲ್ಲಿ ಅದೇ ಮದ್ರಾಸಿನಲ್ಲಿ ದೇವದಾಸಿಯರ ಸದಿರು ಭರತನಾಟ್ಯವೆಂಬ ಹೆಸರು ಪಡೆಯಿತು. 1935ರಲ್ಲಿ ರುಕ್ಮಿಣಿದೇವಿ ರಂಗ ಏರಿದರು. 1936ರಲ್ಲಿ ಕಲಾಕ್ಷೇತ್ರ ಹುಟ್ಟಿತು. ಮೇಲ್ಜಾತಿಯ ಮನೆಗಳ ಹೆಣ್ಣುಮಕ್ಕಳಿಗೆ ಅದು ಸಂಸ್ಕಾರವಾಯಿತು. ಕಲಿಸಿದ ಮನೆತನಗಳ ಹೆಣ್ಣುಮಕ್ಕಳು ರಂಗದಿಂದ ಇಳಿದರು. 1947ರ ಮದ್ರಾಸ್ ಕಾಯಿದೆ ಬರುವ ಹೊತ್ತಿಗೆ ಕುಣಿತಕ್ಕೆ ಹೊಸ ಒಡೆಯರು ಸಿಕ್ಕಿಯಾಗಿತ್ತು.

3

ಇನ್ನು ನಮ್ಮ ಜಿಲ್ಲೆಗೆ ಬರೋಣ. ಧಾರವಾಡ 1956ರ ತನಕ ಮುಂಬಯಿ ಪ್ರಾಂತದಲ್ಲಿತ್ತು. ಮುಂಬಯಿ ದೇವದಾಸಿ ಸಂರಕ್ಷಣಾ ಕಾಯಿದೆ 1934ರಲ್ಲೇ ಬಂದದ್ದರಿಂದ ನಮ್ಮ ಕಡೆ ದೇವರಿಗೆ ಬಿಡುವುದು ಆಗಲೇ ಅಪರಾಧ. ಆದರೂ ಕರ್ನಾಟಕ ಸರಕಾರ 1982ರಲ್ಲಿ ಮತ್ತೊಂದು ಕಾಯಿದೆ ಮಾಡಬೇಕಾಯಿತು. ಅಂದರೆ ನಡುವಿನ 48 ವರ್ಷ ಮೊದಲಿನ ಕಾಯಿದೆ ಎಷ್ಟು ಕೆಲಸ ಮಾಡಿತು ಅನ್ನುವುದನ್ನು ನೀವೇ ತೂಗಿ ನೋಡಿ. ಸವದತ್ತಿ ಗುಡ್ಡಕ್ಕೆ ಬಿಟ್ಟವರಲ್ಲಿ ಬಹುಪಾಲು ಹೊಲೆಯ ಮಾದಿಗರ ಮಕ್ಕಳು. ಈ ಪದ್ಧತಿ ಸಾಯಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ಪದ್ಧತಿಯನ್ನು ಬೈಯುವವರು ಆ ಹೆಣ್ಣುಮಗಳ ಚೌಡಿಕೆಯನ್ನು, ಹೆಜ್ಜೆಯನ್ನು, ದನಿಯನ್ನು ಬೈಯಬೇಕಾಗಿಲ್ಲ. ತಪ್ಪು ಆಕೆಯನ್ನು ಬಿಟ್ಟವರದು, ಹಾಡು ಆಕೆಯದು. ಮಂಜಮ್ಮ ಜೋಗತಿಯವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, 2021ರಲ್ಲಿ ಪದ್ಮಶ್ರೀ ಪಡೆದಾಗ ನಮ್ಮ ಕೇರಿಗಳಲ್ಲಿ ಎಷ್ಟೋ ಮಂದಿ ಕಣ್ಣು ಒರೆಸಿಕೊಂಡದ್ದು ಇದಕ್ಕೇ.

ಕುಂದಗೋಳದ ಹೆಸರು ಹೇಳಿದರೆ ಸಂಗೀತದವರು ಕೈ ಮುಗಿಯುತ್ತಾರೆ. 1886ರಲ್ಲಿ ಅಲ್ಲಿ ಹುಟ್ಟಿದ ಸವಾಯಿ ಗಂಧರ್ವರಲ್ಲಿ ಕಲಿಯಲು ಗಂಗೂಬಾಯಿ ಹಾನಗಲ್ಲರು ಹುಬ್ಬಳ್ಳಿಯಿಂದ ರೈಲು ಹತ್ತಿ ಬರುತ್ತಿದ್ದರು. ಆಕೆ ಹುಟ್ಟಿದ ಕುಲದ ಕಾರಣಕ್ಕೆ ಕೇಳಿದ ಕುಹಕದ ಮಾತುಗಳು ಎಷ್ಟೆಂಬುದನ್ನು ಆಕೆಯೇ ಹೇಳಿಕೊಂಡಿದ್ದಾರೆ. ಗಂಡಸು ಹಾಡಿದರೆ ಪಂಡಿತ, ಉಸ್ತಾದ ಆಗುತ್ತಾನೆ, ಹೆಂಗಸು ಎಷ್ಟು ಹಾಡಿದರೂ ಬಾಯಿಯಾಗಿಯೇ ಉಳಿಯುತ್ತಾಳೆ ಎಂಬ ಅರ್ಥದ ಮಾತನ್ನು ಆಡಿದವರೂ ಅವರೇ. ಕೊರಳಿಗೇ ಈ ಗತಿಯಾದರೆ ಕಾಲಿನ ಗತಿ ಏನು? ಹಾಡಿದವಳಿಗೆ ಕೊನೆಗಾದರೂ ಸನ್ಮಾನ ಸಿಕ್ಕಿತು. ಊರ ಮುಂದೆ ಕುಣಿದವಳ ಹೆಸರು ಯಾವ ಕಲ್ಲಿನ ಮೇಲೂ ಇಲ್ಲ.

4

ಈಗ ಶಾಲೆಯ ಅಂಗಳಕ್ಕೆ ಹೋಗೋಣ. ಹಳ್ಳಿಯ ಮಾಸ್ತರರು ಇದನ್ನು ಗಮನವಿಟ್ಟು ಓದಬೇಕು.

ಧಾರವಾಡ ಕಡೆಯ ಶಾಲೆಗಳಿಗೆ ಲೇಜೀಮು ಹೊಸದಲ್ಲ. ಆಗಸ್ಟ್ ಹದಿನೈದು ಬಂತಂದರೆ ಹುಡುಗರು ಸಾಲಾಗಿ ನಿಂತು ಝಣ್ ಝಣ್ ಅಂತ ಲೇಜೀಮು ಕುಣಿಯುತ್ತಾರೆ. ಈ ಲೇಜೀಮಿನ ಚರಿತ್ರೆ ಸ್ವಾರಸ್ಯದ್ದು. ಆ ಶಬ್ದ ಪಾರಸಿಯದು. ಬಿಲ್ಲು ಹೂಡುವುದನ್ನು ಕಲಿಯುವವರು ತೋಳಿಗೆ ಬಲ ಬರಲೆಂದು ಎಳೆಯುತ್ತಿದ್ದ, ಹೆದೆಯ ಬದಲು ಕಬ್ಬಿಣದ ಸರಪಳಿ ಇದ್ದ ಬಿಲ್ಲು ಅದು. ಅಂದರೆ ಅದು ಮೊದಲಿಗೆ ಕಸರತ್ತು. ತಾಲೀಮುಖಾನೆಗಳಿಗೆ ಬಂತು, ಹಗುರಾಯಿತು, ಸರಪಳಿಗೆ ಬಿಲ್ಲೆಗಳು ಬಿದ್ದವು, ಹಲಗೆ ಡೋಲುಗಳ ಲಯಕ್ಕೆ ಸೇರಿ ಮರಾಠಿ ನಾಡಿನಲ್ಲಿ ಮೆರವಣಿಗೆಯ ಕುಣಿತವಾಯಿತು. ಆಮೇಲೆ ಮುಂಬಯಿ ಪ್ರಾಂತದ ಶಾಲೆಗಳಿಗೆ ಬಂದು ಮತ್ತೆ ಕಸರತ್ತಾಯಿತು. 1937ರಲ್ಲಿ ಬಿ. ಜಿ. ಖೇರ್ ಅವರ ಸರಕಾರ ಶಾರೀರಿಕ ಶಿಕ್ಷಣಕ್ಕೆ ಸ್ವಾಮಿ ಕುವಲಯಾನಂದರ ನೇತೃತ್ವದಲ್ಲಿ ಸಮಿತಿ ಮಾಡಿತು. 1938ರಲ್ಲಿ ಕಾಂದಿವಲಿಯಲ್ಲಿ ವ್ಯಾಯಾಮ ಶಿಕ್ಷಕರ ತರಬೇತಿ ಸಂಸ್ಥೆ ಶುರುವಾಯಿತು. ದೇಶೀ ಕಸರತ್ತುಗಳಿಗೆ ಶಾಲೆಯ ಬಾಗಿಲು ಹೀಗೆ ತೆರೆಯಿತು.

ಒಳ್ಳೇದಾಯಿತು. ನಮಗೆ ಲೇಜೀಮಿನ ಮೇಲೆ ಸಿಟ್ಟಿಲ್ಲ. ಕುಣಿತ ಕಸರತ್ತಾಗಬಹುದು, ಕಸರತ್ತು ಕುಣಿತವಾಗಬಹುದು, ನಡುವೆ ಗೋಡೆ ಇಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಗೋಡೆ ಇರುವುದು ಬೇರೆ ಕಡೆ. ಲೇಜೀಮಿಗೆ ಲಯ ಕೊಡುವ ಹಲಗೆಯನ್ನು ನೋಡಿ. ಸತ್ತ ದನದ ಚರ್ಮವನ್ನು ಹದ ಮಾಡಿ ಬಿಗಿದದ್ದು. ಬಾರಿಸುವವನು ಮಾದಿಗರವನು. ಲೇಜೀಮು ಪಠ್ಯಕ್ಕೆ ಬಂತು, ಹಲಗೆ ಬರಲಿಲ್ಲ. ಕಟ್ಟಿಗೆ ಕಬ್ಬಿಣಕ್ಕೆ ಮೈಲಿಗೆ ಇಲ್ಲ, ಚರ್ಮಕ್ಕೆ ಇದೆ. ಮಂತ್ರಿಗಳು ಬಂದರೆ ಸ್ವಾಗತಕ್ಕೆ ಗೇಟಿನ ಹೊರಗೆ ಹಲಗೆ ಬೇಕು, ಆಟದ ತಾಸಿಗೆ ಅಂಗಳದ ಒಳಗೆ ಬೇಡ. 2015ರಿಂದ ಪ್ರತಿ ಜೂನ್ 21ಕ್ಕೆ ಯೋಗ ದಿನ ಬಂದಿದೆ, ಮಕ್ಕಳನ್ನು ಕೂರಿಸುತ್ತಾರೆ, ಬಗ್ಗಿಸುತ್ತಾರೆ. ಹಲಗೆಗೆ ಒಂದು ದಿನ ಯಾಕಿಲ್ಲ ಅಂತ ಕೇಳಿದರೆ, "ಅದು ಕಲೀರಿ, ಕಸರತ್ತಲ್ಲ" ಅನ್ನುತ್ತಾರೆ. ಕಲಾ ಅಂತಲಾದರೂ ಕಲಿಸ್ರಿ ಅಂದರೆ, "ಅದು ಅವರ ಜಾತಿ ಕಸುಬರೀ" ಅನ್ನುತ್ತಾರೆ.

ಹುಬ್ಬಳ್ಳಿ ತಾಲೂಕಿನ ಬ್ಯಾಹಟ್ಟಿಯ ಜಗ್ಗಲಗಿಯನ್ನು ನೋಡಿದವರಿಗೆ ಇದು ಗೊತ್ತು. ಚಕ್ಕಡಿಯ ಗಾಲಿಯಷ್ಟು ದೊಡ್ಡ ಬಳೆಗೆ ಎಮ್ಮೆಯ ಚರ್ಮ ಬಿಗಿದು, ಹೋಳಿ ಯುಗಾದಿಯ ಹೊತ್ತಿಗೆ ಉರುಳಿಸಿಕೊಂಡು, ಎತ್ತಿಕೊಂಡು, ಬಾರಿಸುತ್ತ ಸಾಗುತ್ತಾರೆ. ಸಣ್ಣ ಕಣಿಹಲಗಿ ಹಿಡಿದವನು ಮುಂದಾಳು, ಅವನ ಪೆಟ್ಟಿಗೆ ಉಳಿದವರ ಪೆಟ್ಟು. ತೋಳು, ಬೆನ್ನು, ತೊಡೆ, ಉಸಿರು ಎಲ್ಲಕ್ಕೂ ಕೆಲಸ. ಯಾವ ಜಿಮ್ಮಿನ ಯಂತ್ರ ಇಷ್ಟು ಕೆಲಸ ಕೊಡುತ್ತದೆ ಹೇಳಿ! ಆದರೆ ಆ ಬಾರಿಸುವವನಿಗೆ ನೀನು ವ್ಯಾಯಾಮಪಟು ಅಂತ ಯಾರೂ ಹೇಳಿಲ್ಲ.

ಕಲಘಟಗಿಯ ಕಾಡಂಚಿಗೆ ಹೋದರೆ ಸಿದ್ದಿಯರಿದ್ದಾರೆ. ಪೋರ್ತುಗೀಜರ ಕಾಲದಲ್ಲಿ ಆಫ್ರಿಕದಿಂದ ಗುಲಾಮರಾಗಿ ಬಂದವರ, ಗೋವೆಯಿಂದ ತಪ್ಪಿಸಿಕೊಂಡು ಕಾಡು ಸೇರಿದವರ ಮಕ್ಕಳು. ಅವರ ಡಮಾಮಿ ಎಂಬ ಚರ್ಮವಾದ್ಯಕ್ಕೆ ಹೆಂಗಸರು ಗಂಡಸರು ಕೂಡಿ ಕುಣಿಯುತ್ತಾರೆ. 1987ರಲ್ಲಿ, ಮಾರ್ಗರೇಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಖಾತೆ ನೋಡಿಕೊಳ್ಳುತ್ತಿದ್ದಾಗ, ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಓಟ ಜಿಗಿತಗಳ ತರಬೇತಿಗೆ ಆರಿಸಿತು. ಆಫ್ರಿಕದ ರಕ್ತ, ಪದಕ ತರುತ್ತದೆ ಅನ್ನುವ ಲೆಕ್ಕ. ಮಕ್ಕಳು ಓಡಿದರು, ಗೆದ್ದರು. ಕೆಲವೇ ವರ್ಷಗಳಲ್ಲಿ ಯೋಜನೆ ನಿಂತಿತು, ಮಕ್ಕಳು ಕಾಡಿಗೆ ತಿರುಗಿದರು. ಸರಕಾರಕ್ಕೆ ಅವರ ಸ್ನಾಯು ಕಂಡಿತು, ಅವರ ಡಮಾಮಿ ಕಾಣಲಿಲ್ಲ, ಹಸಿವು ಕಾಣಲಿಲ್ಲ. ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಿದ್ದು 2003ರಲ್ಲಿ. ಅದೇ ಕಾಡಿನ ಈಚೆಗಿರುವ ಧಾರವಾಡ, ಬೆಳಗಾವಿ ಜಿಲ್ಲೆಗಳ ಸಿದ್ದಿಯರು ಅದಕ್ಕಾಗಿ 2020ರ ತನಕ ಕಾಯಬೇಕಾಯಿತು.

5

"ಹಾಗಾದರೆ ನಮ್ಮ ದುಡಿಮೆಯೇ ಕಸರತ್ತು, ನಮಗೆ ಬೇರೆ ಕಸರತ್ತು ಯಾಕೆ ಬೇಕು?" ಅಂತ ನಮ್ಮವರೇ ಕೇಳುತ್ತಾರೆ. ಇದಕ್ಕೆ ಉತ್ತರ ಹುಡುಕಬೇಕು. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ದೊಡ್ಡವರಿಗೆ ವಾರಕ್ಕೆ 150ರಿಂದ 300 ನಿಮಿಷ ಮೈ ದುಡಿಸಬೇಕೆಂದು ಹೇಳಿತು. 150 ನಿಮಿಷ ಅಂದರೆ ಎರಡೂವರೆ ತಾಸು. ಸೋಮವಾರ ಮುಂಜಾನೆ ಕಳೆ ತೆಗೆಯಲು ಹೋದವಳು ಮಧ್ಯಾಹ್ನದ ಬುತ್ತಿ ಬಿಚ್ಚುವುದರೊಳಗೆ ವಾರದ ಲೆಕ್ಕ ಮುಗಿಸಿರುತ್ತಾಳೆ. ಹಾಗಿದ್ದರೆ ನಮ್ಮ ಕೂಲಿಯ ಹೆಣ್ಣುಮಕ್ಕಳು ಇಡೀ ದೇಶದಲ್ಲೇ ಗಟ್ಟಿಮುಟ್ಟಾಗಿರಬೇಕಿತ್ತು. ಇಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ.

ಯಾಕೆ ಹೀಗೆ? ಡೆನ್ಮಾರ್ಕ್ ಮೊದಲಾದ ಕಡೆಯ ಸಂಶೋಧಕರು ಇದನ್ನೇ ಕೇಳಿಕೊಂಡಿದ್ದಾರೆ. ಬಿಡುವಿನ ಹೊತ್ತಿನಲ್ಲಿ ಮನಸ್ಸಿಟ್ಟು ಮಾಡಿದ ಶ್ರಮ ಹೃದಯಕ್ಕೆ ಒಳ್ಳೇದು ಮಾಡುತ್ತದೆ. ಕೂಲಿಗಾಗಿ ತಾಸುಗಟ್ಟಲೆ ಮಾಡಿದ ಶ್ರಮದಿಂದ ಆ ಲಾಭ ಸಿಗುವುದಿಲ್ಲ, ಕೆಲವೊಮ್ಮೆ ಕೇಡೇ ಆಗುತ್ತದೆ ಅನ್ನುತ್ತಾರೆ. ಕಾರಣ ಸರಳ. ಕಸರತ್ತು ಮಾಡುವವನು ದಣಿವಾದಾಗ ನಿಲ್ಲಿಸುತ್ತಾನೆ, ನೀರು ಕುಡಿಯುತ್ತಾನೆ, ಹೊಟ್ಟೆ ತುಂಬ ಉಣ್ಣುತ್ತಾನೆ, ಮಲಗುತ್ತಾನೆ. ಕೂಲಿಯವಳು ದಣಿವಾದಾಗ ನಿಲ್ಲಿಸಿದರೆ ಪಗಾರ ಕಡಿತ. ಒಂದೇ ಕಡೆ ಬಗ್ಗಿ ಬಗ್ಗಿ ನಡಾ ಸವೆಯುತ್ತದೆ. ನವಲಗುಂದದ ಜಮಖಾನೆ ನೇಯುವ ಹೆಣ್ಣುಮಕ್ಕಳನ್ನು ಕೇಳಿರಿ. ಅವರ ಜಮಖಾನೆಗೆ ಭೌಗೋಳಿಕ ಗುರುತು ಸಿಕ್ಕಿದೆ, ಹೆಸರು ದೇಶಕ್ಕೆ ಮುಟ್ಟಿದೆ. ಮಗ್ಗದ ಮುಂದೆ ಕೂತು ಎಳೆ ಬಡಿದು ಬಡಿದು ನೋಯುವ ಹೆಗಲಿಗೆ ಯಾವ ಗುರುತೂ ಇಲ್ಲ.

ಅಂದರೆ ದುಡಿಮೆಗೂ ಕಸರತ್ತಿಗೂ ನಡುವೆ ಇರುವುದು ಮೈಯ ವ್ಯತ್ಯಾಸ ಅಲ್ಲ, ಬಿಡುವಿನ ವ್ಯತ್ಯಾಸ. ಯಾರ ಹೊತ್ತು ಯಾರ ಕೈಯಲ್ಲಿದೆ ಅನ್ನುವ ವ್ಯತ್ಯಾಸ. ಅದಕ್ಕೇ ನಾವು ಹೇಳುವುದು, ಕುಣಿತ ನಮಗೆ ಬೇಕು. ತನ್ನ ಹೊತ್ತಿನಲ್ಲಿ, ತನ್ನ ಮನಸ್ಸಿನಂತೆ, ಯಾರೂ ಕೂಗಿ ಕರೆಯದೆ, ಯಾರೂ ಎಂಜಲು ಚೆಲ್ಲದೆ ಕುಣಿಯುವ ಒಂದು ತಾಸು ನಮ್ಮ ಹೆಣ್ಣುಮಕ್ಕಳಿಗೆ ಬೇಕು. ಅದು ಚೈನಿ ಅಲ್ಲ, ಹಕ್ಕು.

ಇಲ್ಲಿ ಒಂದು ತಕರಾರಿದೆ, ಅದನ್ನು ಮರೆಮಾಚಬಾರದು. 1927ರಲ್ಲಿ ಮಹಾಡದಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ, ಎಂಜಲು ಬೇಡುವುದನ್ನು ಬಿಡಿ ಎಂದರು. ಆ ದಾರಿಯಲ್ಲಿ ನಮ್ಮ ಎಷ್ಟೋ ಹುಡುಗರು ಹಲಗೆಯನ್ನೂ ಗೂಟಕ್ಕೆ ತೂಗುಹಾಕಿದರು. "ಊರವರ ಹೆಣದ ಮುಂದೆ ಇನ್ನ ನಾವು ಬಾರಸೂದಿಲ್ಲ" ಅಂದರು. ಬಹಿಷ್ಕಾರ ಉಂಡರು, ಹೊಡೆತ ತಿಂದರು. ಅವರು ಮಾಡಿದ್ದು ಸರಿ. 1970ರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹುಟ್ಟಿದ ಮೇಲೆ ಅದೇ ಹಲಗೆಯನ್ನು ಜಾಥಾಗಳಲ್ಲಿ ಹೋರಾಟದ ಹಾಡಿಗೆ ಬಾರಿಸಿದರು. ಅವರು ಮಾಡಿದ್ದೂ ಸರಿ. ಬಿಡಬೇಕಾದದ್ದು ಬಿಟ್ಟಿಯನ್ನು. ಬಿಡಬಾರದ್ದು ಲಯವನ್ನು. ಇವೆರಡನ್ನೂ ಒಂದೇ ಗಂಟು ಕಟ್ಟಿ ಎಸೆದರೆ, ನಾಳೆ ಯಾರೋ ಆ ಗಂಟು ಬಿಚ್ಚಿ, ಲಯವನ್ನು ತೊಳೆದು, ಹೊಸ ಹೆಸರಿಟ್ಟು ನಮಗೇ ಮಾರುತ್ತಾರೆ.

ಹವಾಯಿಯವರು ಈಗ ಏನು ಮಾಡಿದ್ದಾರೆ ನೋಡಿ. 1970ರ ದಶಕದಿಂದ ತಮ್ಮ ಭಾಷೆಯ ಜೊತೆಗೇ ಹುಲಾವನ್ನು ಮತ್ತೆ ಕಲಿತರು. ರಕ್ತದ ಒತ್ತಡ ಹೆಚ್ಚಿರುವ ತಮ್ಮವರಿಗೆ ತಮ್ಮ ಹುಲಾವನ್ನೇ ಚಿಕಿತ್ಸೆಯ ಭಾಗವಾಗಿ ಕಲಿಸಿ, ಒತ್ತಡ ಇಳಿಯುವುದನ್ನು ಅಳತೆ ಮಾಡಿ ತೋರಿಸಿದರು. ಕಲಿಸಿದವರು ಹುಲಾದ ಗುರುಗಳೇ, ಹಾಡು ಕಥೆಗಳ ಸಮೇತ. ಕುಣಿತ ಕಸರತ್ತಾಯಿತು, ಆದರೆ ಒಡೆಯರು ಬದಲಾಗಲಿಲ್ಲ. ನಮಗೆ ಬೇಕಾದ ದಾರಿ ಇದು.

ಹಳ್ಳಿಯ ಮಾಸ್ತರರೇ, ಅಕ್ಕೋರೇ, ಇದಕ್ಕೆ ದೊಡ್ಡ ಯೋಜನೆಯನ್ನು ಕಾಯಬೇಡಿ. ವಾರದಲ್ಲಿ ಒಂದು ಆಟದ ತಾಸನ್ನು ಹಲಗೆಗೆ ಕೊಡಿ. ಕೇರಿಯ ಹಿರಿಯ ಬಾರಿಸುವವನನ್ನು ಗೇಟಿನ ಹೊರಗಲ್ಲ, ಅಂಗಳದೊಳಗೆ ಕರೆಯಿರಿ. ಕುರ್ಚಿ ಹಾಕಿ, ಅದೇ ಲೋಟದಲ್ಲಿ ಚಹಾ ಕೊಡಿ, ಗೌರವಧನ ಕೊಡಿ. ಎಲ್ಲ ಜಾತಿಯ ಹುಡುಗರ ಕೈಗೂ, ಹುಡುಗಿಯರ ಕೈಗೂ ಹಲಗೆ ಬರಲಿ. ಚರ್ಮ ಮುಟ್ಟಲಾರೆ ಅನ್ನುವ ಮಗುವಿಗೆ ಅದರ ಕಾಲಿನ ಬೂಟು ಯಾವುದರದ್ದು ಅಂತ ಕೇಳಿ. ಕಾಲೇಜಿನ ಗೆಳೆಯರೇ, ನಿಮ್ಮೂರಿನಲ್ಲಿ ಎಷ್ಟು ಬಗೆಯ ಪೆಟ್ಟುಗಳಿವೆ, ಅವಕ್ಕೆ ಏನೇನು ಹೆಸರಿವೆ, ಯಾವ ಹೆಜ್ಜೆ ಯಾವ ಕೆಲಸದಿಂದ ಬಂತು ಅನ್ನುವುದನ್ನು ಮುದುಕರು ಇರುವಾಗಲೇ ಬರೆದುಕೊಳ್ಳಿ. ಕೂಲಿಯ ಸಂಘಟನೆಯವರೇ, ಪಗಾರದ ಬೇಡಿಕೆಯ ಜೊತೆಗೆ ಬಿಡುವಿನ ಬೇಡಿಕೆಯನ್ನೂ ಬರೆಯಿರಿ.

ನಮ್ಮ ಬೆವರು ಹೊಲದಲ್ಲಿ ಸುರಿದರೆ ಕೂಲಿ, ಊರ ಮುಂದೆ ಸುರಿದರೆ ಬಿಟ್ಟಿ, ಬೇರೆಯವರ ಮೈಮೇಲೆ ಮೂಡಿದರೆ ಆರೋಗ್ಯ. ಈ ಲೆಕ್ಕವನ್ನು ಬರೆದವರು ನಾವಲ್ಲ. ತಿದ್ದಬೇಕಾದವರು ನಾವು.